ನೊಣಕ್ಕಿಟ್ಟ ಹೆಸರು

ಹೂಳೂರು,
ಮೂರನೆಯ ಬೇಸಿಗೆಯ ನಲವತ್ತೆರಡನೆಯ ತಾರೀಖು,
ಅಳಿಕೆಯ ನಂತರದ ಇನ್ನೂರ ಒಂಬತ್ತನೆಯ ವರ್ಷ.

ಹಣ್ಣಿನ ನೊಣ ಸಾಕುವ ಪ್ರಯೋಗಾಲಯದಲ್ಲಿ, ಕೈಯಲ್ಲಿ ಪೆನ್ನು ಹಿಡಿದು ನಿಂತಿರುವವರಿಗೆ,

ಮೇಲಿನ ತಾರೀಖನ್ನು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಮೂರು ಬೇಸಿಗೆ, ನಡುನಡುವೆ ಗಡಿಬಿಡಿಯ ಮಳೆ. ತಿಂಗಳುಗಳನ್ನು ಕೈಬಿಟ್ಟು ಬಹಳ ಕಾಲವಾಯಿತು. ಮಾತಿನ ವಿಚಿತ್ರಕ್ಕೂ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಿಮ್ಮ ಕಾಲದ ಕನ್ನಡ ಬರಹದಲ್ಲಿ ನಮ್ಮವರೆಗೆ ಉಳಿದು ಬಂದದ್ದು ಒಂದಷ್ಟು ಮದುವೆಯ ಆಹ್ವಾನ ಪತ್ರಿಕೆಗಳು ಮತ್ತು ಜೀವಶಾಸ್ತ್ರದ ಪರೀಕ್ಷೆಗೆ ಓದುವ ಗೈಡುಗಳು. ನಿಮ್ಮ ಕನ್ನಡವನ್ನು ನಾನು ಕಲಿತದ್ದು ಅವುಗಳಿಂದ. ಆದ್ದರಿಂದ ನನ್ನ ವಾಕ್ಯಗಳು ಕೆಲವೆಡೆ ಸಕುಟುಂಬ ಸಪರಿವಾರ ಊಟಕ್ಕೆ ಕರೆದಂತೆ, ಕೆಲವೆಡೆ ಐದು ಅಂಕದ ಪ್ರಶ್ನೆಗೆ ಉತ್ತರ ಬರೆದಂತೆ ಕಂಡರೆ ಅದು ಅಹಂಕಾರವಲ್ಲ, ಆಕರಗಳ ಅಭಾವ.

ಈ ಓಲೆ ನಿಮಗೆ ತಲುಪುವುದು ಹಿಂದಂಚೆಯಲ್ಲಿ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ವ್ಯವಸ್ಥೆ. ಒಂದು ಮನೆಗೆ ಒಂದು ತಲೆಮಾರಿನಲ್ಲಿ ಒಂದೇ ಓಲೆ. ಅದು ಹೇಗೆ ಹೋಗುತ್ತದೆಂದು ನನಗೆ ಗೊತ್ತಿಲ್ಲ. ಅಂಚೆಯವರಿಗೂ ಗೊತ್ತಿದ್ದಂತೆ ಕಾಣುವುದಿಲ್ಲ, ಆದರೆ ಅವರು ಮುದ್ರೆ ಒತ್ತುವ ಗತ್ತು ನೋಡಿದರೆ ಕೇಳಲು ಧೈರ್ಯ ಬರುವುದಿಲ್ಲ. ಒಂದು ವಿಷಯ ಮಾತ್ರ ಅವರು ಖಚಿತವಾಗಿ ಹೇಳುತ್ತಾರೆ: ಓಲೆ ತಲುಪಿದ ಮೇಲೆ ನಿಮ್ಮ ಕಾಲ ಬೇರೊಂದು ಕಾಲುವೆ ಹಿಡಿದು ಹರಿಯುತ್ತದೆ. ನಮ್ಮ ಕಾಲುವೆಯಲ್ಲಿ ಆಗಿಹೋದದ್ದು ಆಗಿಹೋದದ್ದೇ. ಅಂದರೆ ಈ ಓಲೆಯಿಂದ ನಮಗೆ ಚಿಕ್ಕಾಸಿನ ಲಾಭವೂ ಇಲ್ಲ. ನನ್ನ ಭಾವ ಪಕ್ಕೀರಪ್ಪ ಇದನ್ನು ಮನೆಯವರಿಗೆಲ್ಲ ಹಲವು ಸಲ ನೆನಪಿಸಿದ್ದಾನೆ.

ನಮ್ಮ ಊರಿನ ವಿಷಯ. ತುಂಗಭದ್ರಾ ಅಣೆಕಟ್ಟಿನ ಹಿಂದೆ ನಿಮ್ಮ ಕಾಲದಲ್ಲಿ ನೀರು ನಿಲ್ಲುತ್ತಿತ್ತಂತೆ. ಈಗ ಅಲ್ಲಿ ನಿಂತಿರುವವರು ನಾವು. ನದಿ ತಂದು ಸುರಿದ ಹೂಳಿನ ಮೇಲೆ ಊರು ಬೆಳೆದಿದೆ, ಹೆಸರೂ ಅದಕ್ಕೆ ತಕ್ಕಂತೆ. ಹೂಳಿನ ಇಟ್ಟಿಗೆಯ ಗೋಡೆ, ನೆರೆ ಬಂದರೆ ಒದ್ದೆಯಾಗದಿರಲೆಂದು ಮನೆಗಳಿಗೆಲ್ಲ ಕಲ್ಲಿನ ಕಾಲು. ಅಣೆಕಟ್ಟಿನ ಗೇಟುಗಳ ನೆರಳಿನಲ್ಲಿ ಸಂತೆ, ಪಂಚಾಯಿತಿ, ಹರಟೆ. ಪ್ರತಿ ನೆರೆ ಇಳಿದ ಮೇಲೆ ಹೊಸ ಹೂಳು ಮೇಲೇಳುತ್ತದೆ. ಅದನ್ನು ದನಿ ಇರುವವರ ನಡುವೆ ಹಂಚುತ್ತಾರೆ. ದನಿ ಎಂದರೆ ಗಂಟಲಿನದಲ್ಲ. ಸಭೆಯಲ್ಲಿ ಕೈಯೆತ್ತುವ, ಹೊಲ ಪಡೆಯುವ, ಸ್ವಂತ ಒಲೆ ಹೂಡುವ ಹಕ್ಕಿಗೆ ನಮ್ಮಲ್ಲಿ ದನಿ ಎನ್ನುತ್ತಾರೆ. ಬೆಳಗಿನ ತಿಂಡಿಗೆ ಒಗ್ಗರಣೆ ಹಾಕಿದ ಮಂಡಾಳು (ನಿಮ್ಮಲ್ಲಿ ಕೆಲವರ ಮಂಡಕ್ಕಿ), ಪಕ್ಕದಲ್ಲಿ ಮಿರ್ಚಿ. ನಿಮ್ಮ ಕಾಲದಿಂದ ಅಕ್ಷರ ಬದಲಾಗದೆ ನಮ್ಮವರೆಗೆ ಬಂದ ವಸ್ತುಗಳು ತೀರ ಕಡಿಮೆ. ಮಂಡಾಳು-ಮಿರ್ಚಿ ಒಂದು. ಇನ್ನೊಂದು, ನಿಮ್ಮ ಕೈಯಲ್ಲಿರುವ ಆ ಜೀನು.

ಆ ಜೀನಿನ ಬಗ್ಗೆ ನಿಮಗೆ ನಾನು ಹೇಳಹೊರಟರೆ ಮೀನಿಗೆ ಈಜು ಕಲಿಸಿದಂತಾದೀತು. ಆದರೂ ಗೈಡಿನಲ್ಲಿ ಓದಿದ್ದನ್ನು ಒಪ್ಪಿಸುತ್ತೇನೆ, ತಪ್ಪಿದ್ದರೆ ಅಂಕ ಕಳೆಯಿರಿ. ಯೀಸ್ಟಿನಲ್ಲೂ ಅದೇ, ನೊಣದಲ್ಲೂ ಅದೇ, ಇಲಿಯಲ್ಲೂ ಅದೇ, ಮನುಷ್ಯನಲ್ಲೂ ಅದೇ. ಕೋಟಿ ಕೋಟಿ ವರ್ಷಗಳಲ್ಲಿ ಒಂದೆರಡು ಅಕ್ಷರ ಅತ್ತಿತ್ತ ಆದದ್ದು ಬಿಟ್ಟರೆ ಜೀವಕುಲ ಅದನ್ನು ತಿದ್ದಲು ಹೋಗಿಲ್ಲ. ಮುಂದಿನದು ನಿಮಗೆ ಇನ್ನೂ ಆಗದ ಮಾತಿರಬಹುದು, ನಮ್ಮ ಕಾಲುವೆಯಲ್ಲಿ ಆಗಿಹೋದದ್ದು: ಈ ಸಾಮ್ಯವನ್ನೇ ನಂಬಿ ನೀವು ನೊಣದ ಜೀನನ್ನು ಗಾಳಕ್ಕೆ ಸಿಕ್ಕಿಸಿ ಮನುಷ್ಯನ ಜೀನನ್ನು ಹಿಡಿದಿರಿ. ಹಿಡಿದದ್ದನ್ನು ಬ್ಯಾಕ್ಟೀರಿಯಾದ ಹೊಟ್ಟೆಗೆ ಹಾಕಿ, ಅದು ತಾನು ಹೆಚ್ಚುವಾಗಲೆಲ್ಲ ಇದನ್ನೂ ನಕಲು ಮಾಡುವಂತೆ ಮಾಡಿದಿರಿ. ಆಮೇಲೆ ಆ ನಕಲಿಗೆ ಹೊಳೆಯುವ ಬಣ್ಣ ಕಟ್ಟಿ, ಗಾಜಿನ ಮೇಲೆ ಹರಡಿದ ವರ್ಣತಂತುಗಳ ಮೇಲೆ ಬಿಟ್ಟಿರಿ. ಅದು ತನ್ನ ಜಾಗ ಹುಡುಕಿಕೊಂಡು ಹೋಗಿ ಕೂತಿತು: ಹದಿಮೂರನೆಯ ತಂತು, ಉದ್ದನೆಯ ತೋಳು, ತುದಿಗೆ ಸ್ವಲ್ಪ ಈಚೆ, ಜೋಡಿ ಮಿಂಚುಹುಳದಂತೆ ಹೊಳೆಯುತ್ತ. ಅಲ್ಲಿಯವರೆಗೆ ನಿಮ್ಮ ಕೆಲಸಕ್ಕೆ ನಮ್ಮ ನಮಸ್ಕಾರ.

ತೊಂದರೆ ಶುರುವಾದದ್ದು ಹೆಸರಿನಿಂದ. ಈ ಜೀನು ಕೆಟ್ಟಿರುವ ನೊಣ ಒಂದು ಕಾಲೆತ್ತಿದರೆ ಅದರ ಜೋಡಿ ಕಾಲೂ ಏಳುತ್ತದೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಮುಗ್ಗರಿಸಿ ಮೂತಿ ನೆಲಕ್ಕೆ. ಅದನ್ನು ನೋಡಿ ನಿಮ್ಮಲ್ಲಿ ಯಾರೋ ನಕ್ಕು, ಟ್ಯೂಬಿನ ಮೇಲೆ 'ಎಡಬಿಡಂಗಿ' ಎಂದು ಬರೆದರು. ನೊಣದ ಜೀನಿಗೆ ಅದು ಎಡವಿದಂತೆ ಹೆಸರಿಡುವುದು ನಿಮ್ಮ ವೃತ್ತಿಯ ಹಳೆಯ ಸಲಿಗೆ ಎಂದು ಗೈಡು ಹೇಳುತ್ತದೆ. ಇಡೀ ದಿನ ನೊಣ ಎಣಿಸುವವರಿಗೆ ಅಷ್ಟು ನಗುವಿನ ಹಕ್ಕು ಇರಲೇಬೇಕು. ಅಚ್ಚಿಗೆ ಹೋಗುವ ಮುನ್ನ ಬದಲಾಯಿಸೋಣ ಎಂದುಕೊಂಡಿರಿ, ಬದಲಾಯಿಸಲಿಲ್ಲ. ಮನುಷ್ಯನ ಜೀನು ಸಿಕ್ಕಾಗ ನೊಣದ ಹೆಸರೇ ಅದರ ಬೆನ್ನು ಹತ್ತಿ ಬಂತು. ಹೊರದೇಶದವರು ಅದನ್ನು ಯಾವುದೋ ಗಂಭೀರ ಸಂಸ್ಕೃತ ಪದವೆಂದು ತಿಳಿದು ತಲೆಬಾಗಿ ಒಪ್ಪಿದರಂತೆ. ಈಗಲೂ ಬೇರೆ ಸೀಮೆಗಳಲ್ಲಿ ಅದನ್ನು ಬಹಳ ಭಕ್ತಿಯಿಂದ ಉಚ್ಚರಿಸುತ್ತಾರೆ. ನಾವು ಮಾತ್ರ ದುರದೃಷ್ಟಕ್ಕೆ ಕನ್ನಡ ಬಲ್ಲವರು.

ಹೆಸರು ಕೆಟ್ಟದಾದರೆ ಬದಲಾಯಿಸಿಕೊಳ್ಳಿ ಎಂದು ನೀವು ಹೇಳಬಹುದು. ಅದು ಸಾಧ್ಯವಿಲ್ಲ, ಕಾರಣ ಅಳಿಕೆ. ಒಂದು ಮಳೆಗಾಲದಲ್ಲಿ ಭೂಮಿಯ ಮೇಲಿನ ಯಂತ್ರಗಳ ನೆನಪೆಲ್ಲ ಅಳಿಸಿಹೋಯಿತು, ಅದಕ್ಕೆ ಆ ಹೆಸರು. ಅದಕ್ಕೂ ಮುಂಚೆ ಒಂದೊಂದು ಆಸ್ಪತ್ರೆಯೂ ಒಂದೊಂದು ಕಂಪನಿಯೂ ಜೀನುಗಳಿಗೆ ತನಗೆ ತೋಚಿದ ಹೊಸ ಹೆಸರು ಇಟ್ಟುಕೊಂಡಿದ್ದವು. ಯಂತ್ರ ಹೋದ ಮೇಲೆ ಯಾವ ಹೆಸರು ಯಾವುದರದ್ದೆಂದು ತಿಳಿಯದೆ, ಒಬ್ಬರ ಔಷಧ ಇನ್ನೊಬ್ಬರಿಗೆ ಕೊಟ್ಟು ಬಹಳ ಮಂದಿ ಸತ್ತರು. ಉಳಿದದ್ದು ಹಳೆಯ ಅಚ್ಚಿನ ಹಾಳೆಗಳಲ್ಲಿದ್ದ ಮೊದಲ ಹೆಸರುಗಳು. ಅಂದಿನಿಂದ ಕಾನೂನು ಒಂದೇ: ಮೊದಲಿಟ್ಟ ಹೆಸರೇ ಹೆಸರು. ಮತ್ತೆ ಯಂತ್ರವನ್ನು ನಂಬದೆ, ಪ್ರತಿಯೊಬ್ಬರೂ ತಮ್ಮ ಮನೆತನದಲ್ಲಿ ಕೆಟ್ಟ ಜೀನಿನ ಹೆಸರು ಮತ್ತು ವಿಳಾಸವನ್ನು ಬಾಯಿಪಾಠ ಮಾಡಿ ಸಭೆಯೆದುರು ಹೇಳಬೇಕು. ಅದಕ್ಕೆ ಸಾಲು ಎನ್ನುತ್ತೇವೆ. ಬಲಗೈ ಎತ್ತಿ ಸಾಲು ಹೇಳಿದವರಿಗೆ ದನಿ ಸಿಗುತ್ತದೆ. ಮರೆಯದಿರಲೆಂದು ಸಾಲನ್ನು ಪ್ರಾಸದಲ್ಲಿ ಕಟ್ಟುತ್ತಾರೆ. ಕಟ್ಟುವವನು ನಾನು.

ಈ ಕೆಲಸದಲ್ಲಿ ಸುಖವುಂಟು. ರಕ್ತದ ಕಾಯಿಲೆಯ ಮನೆತನಕ್ಕೆ ನಾನು ಕಟ್ಟಿದ 'ಹನ್ನೊಂದನೆ ತಂತಿನ ಗಿಡ್ಡನೆ ತೋಳು, ನೆತ್ತರ ಜೀನಿಗೆ ಅಲ್ಲಿಯೆ ಬಾಳು' ಎಂಬ ಸಾಲನ್ನು ಮಕ್ಕಳು ಕುಂಟಾಬಿಲ್ಲೆ ಆಡುವಾಗಲೂ ಹೇಳುತ್ತಾರೆ. ಎಷ್ಟೋ ಮನೆಗಳವರಿಗೆ ಜೀನಿನ ಹೆಸರು ಬರೀ ಅಕ್ಷರ, ಅಂಕಿ. ಅವರನ್ನು ಯಾರೂ ಏನೂ ಅನ್ನುವುದಿಲ್ಲ, ಪ್ರಾಸವೂ ಸುಲಭ. ಎಡಬಿಡಂಗಿ ಇರುವುದು ನಮ್ಮ ಮನೆತನದಲ್ಲಿ. ನನ್ನೊಳಗೂ ಇದೆ, ಆದರೆ ನಾಚಿಕೊಂಡು ಕೂತಿದೆ: ಬಲಗೈಯಲ್ಲಿ ಬರೆಯುವಾಗ ಎಡಗೈ ಬೆರಳುಗಳು ಸಣ್ಣಗೆ ಅಲುಗುತ್ತವೆ, ಅಷ್ಟೇ. ನನ್ನ ಅಕ್ಕ, ಪಕ್ಕೀರಪ್ಪನ ಹೆಂಡತಿ ಗಾಳೆಮ್ಮನಲ್ಲಿ ಅದು ಕಾಣಿಸಿಕೊಳ್ಳಲೇ ಇಲ್ಲ. ಅವಳ ಮಗಳು ಹುಲಿಗೆಮ್ಮನಲ್ಲಿ ಪೂರ್ತಿಯಾಗಿ ಎದ್ದು ನಿಂತಿತು.

ಹುಲಿಗೆಮ್ಮನ ಎರಡು ಕೈಗಳಿಗೂ ಬೇರೆ ಬೇರೆ ಕೆಲಸ ಮಾಡಲು ಬರುವುದಿಲ್ಲ. ಬಲಗೈ ಏನು ಮಾಡಿದರೂ ಎಡಗೈ ಕನ್ನಡಿಯಂತೆ ಅದನ್ನೇ ಮಾಡುತ್ತದೆ. ಬರೆಯುವಾಗ ಎಡಗೈ ಗಾಳಿಯಲ್ಲಿ ತಿರುಗುಮುರುಗಾಗಿ ಬರೆಯುತ್ತಿರುತ್ತದೆ. ಶಾಲೆಯಲ್ಲಿ ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದಳು. ಬಿಂದಿಗೆಯನ್ನು ಒಂದು ಕೈಯಲ್ಲಿ ಬಗ್ಗಿಸಿದರೆ ಇನ್ನೊಂದು ಕೈಯ ತಂಬಿಗೆಯೂ ಬಗ್ಗಿ ನೀರು ನೆಲಕ್ಕೆ. ಚಾಕುವಿನಲ್ಲಿ ಉಳ್ಳಾಗಡ್ಡಿ ಹೆಚ್ಚಲು ಆಗುವುದಿಲ್ಲ. ಈಳಿಗೆ ಮಣೆಯ ಮೇಲೆ ಕೂತರೆ ಎರಡೂ ಕೈಗೆ ಒಂದೇ ಕೆಲಸವಾದ್ದರಿಂದ ಊರಿನ ಮದುವೆಗಳಿಗೆಲ್ಲ ಅವಳೇ ಹೆಚ್ಚುತ್ತಾಳೆ. ದೋಣಿಗೆ ಎರಡು ಹುಟ್ಟು ಇರುತ್ತವಲ್ಲ, ಅಂಬಿಗಿತ್ತಿಯಾಗು ಎಂದು ನೆಂಟರು ಸಲಹೆ ಕೊಟ್ಟದ್ದುಂಟು. ಅವಳಿಗೆ ನೀರು ಕಂಡರೆ ತಲೆಸುತ್ತು. ಸಲಹೆ ಕೊಡುವವರು ಇಂಥ ಸಣ್ಣಪುಟ್ಟ ಸಂಗತಿ ವಿಚಾರಿಸುವುದಿಲ್ಲ.

ಅವಳಿಗೆ ಬೇಕಾದದ್ದು ಹೊಲ. ಹೊಸ ಹೂಳಿನಲ್ಲಿ ಒಂದು ತುಂಡು, ಅದರಲ್ಲಿ ಕುಸುಬೆ. ಮುಳ್ಳಿನ ಗಿಡ, ಎರಡೂ ಕೈಯಲ್ಲಿ ಒಟ್ಟಿಗೆ ಕೀಳಬೇಕು ಎನ್ನುತ್ತಾಳೆ. ಅದು ನಿಜವಾದ ಕಾರಣವೋ, ಕುಸುಬೆ ಹೊಲಕ್ಕೆ ಮುಳ್ಳಿಗೆ ಹೆದರಿ ಯಾರೂ ಬರುವುದಿಲ್ಲ ಎಂಬುದು ನಿಜವಾದ ಕಾರಣವೋ ನಾನು ಕೇಳಿಲ್ಲ. ಹೊಲಕ್ಕೆ ದನಿ ಬೇಕು, ದನಿಗೆ ಸಾಲು ಹೇಳಬೇಕು, ಸಾಲಿನಲ್ಲಿ ಆ ಹೆಸರು ಬರಲೇಬೇಕು. ಅವಳು ಚಿಕ್ಕವಳಿದ್ದಾಗ ಓಣಿಯಲ್ಲಿ ಯಾರೋ ಹೀಗೆ ಕಟ್ಟಿದ್ದರು:

ಎಡಬಿಡಂಗಿ, ಎಡಬಿಡಂಗಿ,
ಕಾಲಿಗೆ ಹಾಕ್ಯಾಳ ಅಂಗಿ!

ಪ್ರಾಸದ ದೃಷ್ಟಿಯಿಂದ ಇದರಲ್ಲಿ ಒಂದು ಕುಂದೂ ಇಲ್ಲ, ನಾನು ಕಟ್ಟಿದ್ದರೂ ಇಷ್ಟು ಬಿಗಿಯಾಗಿ ಬರುತ್ತಿರಲಿಲ್ಲ. ಒಳ್ಳೆಯ ಪ್ರಾಸಕ್ಕೆ ಸಾವಿಲ್ಲ ಎಂಬುದನ್ನು ಆ ಹುಡುಗಿ ಬೆಳೆಯುತ್ತ ಬೆಳೆಯುತ್ತ ಕಂಡುಕೊಂಡಳು. ಅವಳು ಸಾಲು ಹೇಳಬೇಕಾದ ವಯಸ್ಸಿಗೆ ಬಂದಾಗ ಜ್ವರ ಬಂತು. ಮರುವರ್ಷ ಗಂಟಲು ಕಟ್ಟಿತು. ಈ ಸಲ ತಪ್ಪಿದರೆ ಆಯಿತು: ಮೂರು ಸಲ ಸಭೆ ತಪ್ಪಿಸಿಕೊಂಡವರಿಗೆ ಜೀವಮಾನ ಪರ್ಯಂತ ದನಿಯಿಲ್ಲ. ಹೊಲವಿಲ್ಲ, ಒಲೆಯಿಲ್ಲ, ಯಾರದೋ ಮನೆಯ ಮೂಲೆಯಲ್ಲಿ ಕೂತು ಈಳಿಗೆಯ ಮೇಲೆ ಉಳ್ಳಾಗಡ್ಡಿ.

ಸಭೆಗೆ ಮುಂಚೆ ಅವಳು ನನ್ನಲ್ಲಿಗೆ ಬಂದು, ಆ ಹೆಸರು ಬಂದದ್ದೂ ಹೋದದ್ದೂ ಗೊತ್ತಾಗದ ಹಾಗೆ ಸಾಲು ಕಟ್ಟಿಕೊಡು ಎಂದಳು. ನಾನು ಕೂತೆ. ತಂಗಿ, ನುಂಗಿ, ಭಂಗಿ. ಕನ್ನಡ ಆ ಪದಕ್ಕೆ ಒದಗಿಸಿದ ಪ್ರಾಸಗಳೆಲ್ಲ ನಗಲು ತುದಿಗಾಲಿನಲ್ಲಿ ನಿಂತಿದ್ದವು. ಪ್ರಾಸವನ್ನೇ ಬಿಟ್ಟು ನಡುವೆ ಹುದುಗಿಸಿದೆ, ಉದ್ದ ಸಮಾಸದಲ್ಲಿ ಸುತ್ತಿದೆ. ಗಾಳೆಮ್ಮನ ಮುಂದೆ ಹಾಡಿ ತೋರಿಸಿದೆ. ಹೆತ್ತ ತಾಯಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಳಲು ಅಲ್ಲ. ಆಮೇಲೆ ಅವಳೇ ಒಂದು ಉಪಾಯ ಹೇಳಿದಳು: ಹೆಸರು ಬಿಟ್ಟು ಬರೀ ವಿಳಾಸ ಹೇಳಿದರೆ ಹೇಗೆ, ಹದಿಮೂರನೆಯ ತಂತು, ಉದ್ದ ತೋಳು ಅಂತ. ನಾನು ಸಭೆಯ ಹಿರಿಯ ಜಂಬಣ್ಣನನ್ನು ಕೇಳಿದೆ. ಆ ತೋಳಿನಲ್ಲಿ ನೂರಾರು ಜೀನು ಬಾಡಿಗೆಗಿವೆ, ಯಾವುದರ ಬಾಗಿಲು ತಟ್ಟಲಿ ಎಂದ. ನ್ಯಾಯವಾದ ಮಾತು. ಹೆಸರುಗಳು ಕಲಸಿಹೋಗಿದ್ದ ಅಳಿಕೆಯ ಕಾಲದಲ್ಲೇ ಅವನ ಮುತ್ತಜ್ಜಿಯ ಮುತ್ತಜ್ಜಿ ತಪ್ಪು ಔಷಧ ಕುಡಿದು ಸತ್ತದ್ದು.

ಆಗಲೇ ನಾನು ಮನೆಯ ಹಿಂದಂಚೆಯ ಮಾತೆತ್ತಿದ್ದು. ಲಾಭವಿಲ್ಲವೆಂದು ತಾನೇ ನೆನಪಿಸುತ್ತಿದ್ದರೂ ಪಕ್ಕೀರಪ್ಪನಿಗೆ ಆ ಓಲೆಯ ಮೇಲೆ ಬೇರೆ ಆಸೆಯಿತ್ತು: ಅಣೆಕಟ್ಟಿನ ಹೂಳು ತೆಗೆಯಬೇಡಿ, ತೆಗೆದರೆ ನಮಗೆ ಊರೇ ಇರುವುದಿಲ್ಲ ಎಂದು ನಿಮ್ಮ ಸರ್ಕಾರಕ್ಕೆ ಬರೆಯಬೇಕೆಂದಿದ್ದ. ನಿಮ್ಮ ಸರ್ಕಾರಗಳ ಬಗ್ಗೆ ನಮಗೆ ತಿಳಿದಿರುವ ಮಟ್ಟಿಗೆ ಅದರ ಅಗತ್ಯವಿಲ್ಲ ಎಂದು ಸಮಾಧಾನ ಹೇಳಿದೆವು. ಹುಲಿಗೆಮ್ಮ, ಓಲೆ ಕಳಿಸಿದರೆ ಸಭೆಯ ಹೊತ್ತಿಗೆ ತನ್ನ ಜೀನಿನ ಹೆಸರು ಬದಲಾಗುತ್ತದೆಯೇ ಎಂದು ಕೇಳಿದಳು. ಕಾಲುವೆಯ ವಿಷಯ ಬಿಡಿಸಿ ಹೇಳಿದೆ. ಬದಲಾದರೆ ಬೇರೆ ಯಾವುದೋ ಕಾಲುವೆಯಲ್ಲಿ, ಬೇರೆ ಯಾರೋ ಹುಡುಗಿಗೆ.

"ಹಂಗಾದ್ರೆ ಇದು ನನಗಲ್ಲ," ಎಂದಳು. ಎರಡೂ ಕೈಯಲ್ಲಿ ಎರಡೂ ಮೊಣಕಾಲು ಉಜ್ಜಿಕೊಂಡಳು. "ಬರಿ ಮಾಮ. ಆದ್ರೆ ನಾನು ಸಾಲು ಹೇಳಿದ ಮ್ಯಾಲೆ ಬರಿ. ಮೊದ್ಲೇ ಬರದ್ರೆ ನಾನು ಅತ್ತು ಬರ್ಸಿದಂಗಾಗ್ತದ."

ನನ್ನ ಸಾಲನ್ನು ಅವಳು ತೆಗೆದುಕೊಳ್ಳಲಿಲ್ಲ. ಪ್ರಾಸ ಇಲ್ಲದೇ ಹೇಳುತ್ತೇನೆ ಎಂದಳು. ಕಸುಬಿನವನಿಗೆ ಇದು ನೋವಿನ ಮಾತು, ನಾನು ಮೀಸೆ ತಿರುವಿ ನುಂಗಿಕೊಂಡೆ.

ಸಭೆ ಗೇಟುಗಳ ನೆರಳಿನಲ್ಲಿ ಕೂತಿತ್ತು. ಅವಳ ಸರದಿ ಬಂದಾಗ ಎದ್ದು ಬಲಗೈ ಎತ್ತಿದಳು, ಎಡಗೈಯೂ ಎದ್ದಿತು. ಯಾರೋ ಶರಣಾಗತಳಾದಳು ಎಂದರು, ಸಣ್ಣ ನಗು. ಅವಳು ತನ್ನ ಹೆಸರು ಹೇಳಿದಳು, ತಾಯಿಯ ಹೆಸರು ಹೇಳಿದಳು, ಆಮೇಲೆ ನಿಧಾನವಾಗಿ, ಒಂದೊಂದು ಅಕ್ಷರಕ್ಕೂ ಜಾಗ ಕೊಟ್ಟು, ಎಡಬಿಡಂಗಿ ಎಂದಳು. ಸಭೆ ಸಿಡಿಯಿತು. ಹಿಂದಿನಿಂದ ಒಬ್ಬ ಅಂಗಿಯ ಪ್ರಾಸವನ್ನೂ ಸೇರಿಸಿದ. ಸಾಲಿನ ನಡುವೆ ಗದ್ದಲವಾಗಿ ಯಾರಿಗಾದರೂ ಕೇಳಿಸದೆ ಹೋದರೆ ಮೊದಲಿಂದ ಹೇಳಬೇಕು ಎಂಬುದು ನಮ್ಮ ನಿಯಮ. ಅದು ಕೇಳುವವರ ಅನುಕೂಲಕ್ಕೆ ಮಾಡಿದ್ದು. ಹುಲಿಗೆಮ್ಮ ಆ ನಿಯಮವನ್ನು ಹಿಡಿದುಕೊಂಡಳು. ಎತ್ತಿನ ಗಾಡಿ ದಾಟಲೆಂದು ರಸ್ತೆ ಬದಿ ನಿಲ್ಲುವವರ ಹಾಗೆ, ಕೈಯೆರಡನ್ನೂ ಎತ್ತಿಕೊಂಡೇ ನಗು ಮುಗಿಯುವವರೆಗೆ ನಿಂತಳು. ಮುಗಿದ ಮೇಲೆ ಮೊದಲಿಂದ ಹೇಳಿದಳು. ಮತ್ತೆ ನಕ್ಕರು, ಮತ್ತೆ ನಿಂತಳು. ಬಿಸಿಲು ನೆರಳಿನೊಳಕ್ಕೆ ಬಂತು. ತೋಳುಗಳು ನಡುಗುತ್ತಿದ್ದವು, ಎರಡೂ ಒಂದೇ ಲಯದಲ್ಲಿ. ಊಟದ ಹೊತ್ತು ಮೀರುತ್ತಿದ್ದಂತೆ ನಗುವವರು ಕಡಿಮೆಯಾಗುತ್ತ ಬಂದರು. ನಗುವವರನ್ನು ಪಕ್ಕದವರು ಗದರತೊಡಗಿದರು. ಕೊನೆಗೆ ಜಂಬಣ್ಣನೇ ಸೋತು, "ಸಾಕವ್ವ, ಕೇಳ್ಸಿತು," ಎಂದ.

"ಎಲ್ಲಾರಿಗೂ ಕೇಳ್ಸಬೇಕಲ್ಲ ತಾತ," ಎಂದು ಅವಳು ಮತ್ತೊಮ್ಮೆ ಮೊದಲಿಂದ ಹೇಳಿದಳು. ಆ ಸಲ ಎಡಬಿಡಂಗಿ ಎಂಬುದು ಹದಿಮೂರನೆಯ ತಂತು ಎಂಬುದರಷ್ಟೇ ಒಣಗಿದ ಪದವಾಗಿ ಬಿದ್ದಿತ್ತು. ಯಾರೂ ನಗಲಿಲ್ಲ. ದನಿ ಸಿಕ್ಕಿತು, ಹೊಲವೂ ಸಿಕ್ಕಿತು. ಇದನ್ನು ಗೆಲುವು ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಆಮೇಲೆ ಬಹಳ ದಿನ ಅವಳಿಗೆ ಭುಜ ಎತ್ತಲಾಗಲಿಲ್ಲ, ತಲೆಗೆ ಎಣ್ಣೆಯನ್ನು ಗಾಳೆಮ್ಮನೇ ಹಚ್ಚಬೇಕಾಯಿತು. ಓಣಿಯ ಮಕ್ಕಳು ಮರುದಿನವೂ ಅದೇ ಹಾಡು ಹಾಡಿದರು. ಮಕ್ಕಳು ಸಭೆಗೆ ಬಂದಿರಲಿಲ್ಲವಲ್ಲ. ನಗು ದಣಿಯುವವರೆಗೆ ನಿಲ್ಲುವ ಕಾಲು ಎಲ್ಲರಿಗೂ ಇರುವುದಿಲ್ಲ ಎಂಬುದು ನನಗೆ ಗೊತ್ತು, ಏಕೆಂದರೆ ನಮ್ಮ ಮನೆತನದಲ್ಲಿ ಇಂಥ ಕೈಗಳ ಇನ್ನೊಬ್ಬಳು ಹಿಂದೆ ಇದ್ದಳು. ನನ್ನ ಚಿಕ್ಕತ್ತೆ. ಅವಳು ಸಭೆಯಿಂದ ನಡುವೆಯೇ ಓಡಿ ಬಂದವಳು, ಸಾಯುವವರೆಗೆ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅವಳ ಬಗ್ಗೆ ಇದಕ್ಕಿಂತ ಹೆಚ್ಚು ನಮಗೆ ಯಾರಿಗೂ ತಿಳಿಯದು.

ಈಗ ಕೋರಿಕೆ. ನಿಮ್ಮ ಕೈಯಲ್ಲಿರುವ ಜೀನನ್ನು ಜೀವಲೋಕ ಸುಲಭವಾಗಿ ಬಿಡುವುದಿಲ್ಲ, ಅದರ ಪಕ್ಕದಲ್ಲಿ ನೀವು ಬರೆದದ್ದನ್ನೂ ಬಿಡಲಿಕ್ಕಿಲ್ಲ. ನಾನು ಈ ಓಲೆಯಲ್ಲಿ ಬದಲಿ ಹೆಸರುಗಳನ್ನು ಸೂಚಿಸಿದ್ದೆ. ಒಳ್ಳೆಯ ಹೆಸರುಗಳು, ಯಾವುದಕ್ಕೂ ಪ್ರಾಸ ಸಿಗದಂತೆ ಎಚ್ಚರ ವಹಿಸಿದ್ದೆ, ಅದು ನನ್ನಂಥವನಿಗೆ ಎಷ್ಟು ಸಂಕಟದ ಕೆಲಸವೆಂದು ನೀವು ಊಹಿಸಲಾರಿರಿ. ಹುಲಿಗೆಮ್ಮ ಓದಿ ಆ ಭಾಗವನ್ನು ಹೊಡೆದುಹಾಕಿಸಿದಳು. ಹೆಸರು ನಾವು ಹೇಳುವುದು ಬೇಡ, ಅವರೇ ಇಡಲಿ, ಆದರೆ ನೊಣವನ್ನು ನೋಡಿ ಇಡುವುದು ಬೇಡ ಎಂದಳು. ಆದ್ದರಿಂದ ಅವಳು ಹೇಳಿದ್ದನ್ನೇ ನನ್ನ ಭಾಷೆಯಲ್ಲಿ ಬರೆಯುತ್ತಿದ್ದೇನೆ.

ಈ ಜೀನು ಕೆಟ್ಟಿರುವ ಮನುಷ್ಯರು ನಿಮ್ಮ ಕಾಲದಲ್ಲೂ ಎಲ್ಲೋ ಇರುತ್ತಾರೆ, ಶಾಲೆಯಲ್ಲಿ ಒಂದು ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು. ಅವರಲ್ಲಿ ಒಬ್ಬರನ್ನು ಹುಡುಕಿ. ಕರೆದು ಕೂರಿಸಿ, ಚಹಾ ಕೊಡಿ. ಅವರು ಲೋಟ ಎತ್ತಿದಾಗ ಬರಿಗೈಯೂ ಜೊತೆಗೆ ಏಳುತ್ತದೆ, ಗಾಬರಿಯಾಗಬೇಡಿ, ಅವರಿಗೆ ಅಭ್ಯಾಸವಿದೆ. ಅವರು ಕುಡಿದು ಮುಗಿಸಿದ ಮೇಲೆ, ನೀವು ಯೋಚಿಸಿಟ್ಟ ಹೆಸರನ್ನು ಅವರ ಮುಖ ನೋಡಿ ಒಮ್ಮೆ ಗಟ್ಟಿಯಾಗಿ ಹೇಳಿ. ಹೇಳಲು ಬಾಯಿ ಬಂದರೆ ಅದನ್ನೇ ಬರೆಯಿರಿ.

ಇಂತಿ,
ಯಂಕೋಬ, ಸಾಲು ಕಟ್ಟುವವನು.
ಹುಲಿಗೆಮ್ಮನ ಒಪ್ಪಿಗೆಯಿಂದ.